ಹಿಡಿ ಸುಳ್ಳು ಹೇಳಬಾರದು: ವಿಮಾನದ ಸ್ಲೈಡಿಂಗ್ ಬಾಗಿಲಿಗೆ ಸರಳ ಚಿಲಕ ಮಾಡುವ ಬಗೆ

ನಮ್ಮ ಮನೆಯ ಚಾವಡಿಯಲ್ಲಿ ಒಂದು ಹಳೆಯ ಸ್ಟೀಲ್ ಕಪಾಟು ಇದೆ. ಅಮ್ಮನ ಸೀರೆ, ಜಾಗದ ಕಾಗದಪತ್ರ ಎಲ್ಲ ಅದರಲ್ಲೇ. ಕಳೆದ ಮಳೆಗಾಲದಲ್ಲಿ ತಂಗಿಯ ಮಗಳು ಕಾಲೇಜಿನ ಪ್ರಾಜೆಕ್ಟ್ ಹಿಡಿದುಕೊಂಡು ಕಾಸರಗೋಡಿನ ಕಡೆಯ ನಮ್ಮ ಊರು ನೀರ್ಚಾಲಿಗೆ ಬಂದಳು. ನಾನು ಅವಳನ್ನು ಮೊದಲು ನಿಲ್ಲಿಸಿದ್ದು ಆ ಕಪಾಟಿನ ಮುಂದೆ.

"ಬಾಗಿಲು ಅರ್ಧ ತೆರೆದೇ ಇರಲಿ. ಹಿಡಿ ತಿರುಗಿಸು" ಎಂದೆ.

ತಿರುಗಿಸಿದಳು. ಮೇಲಿನಿಂದ ಒಂದು ಸರಳು, ಕೆಳಗಿನಿಂದ ಒಂದು ಸರಳು ಹೊರಗೆ ಬಂದು ಗಾಳಿಯಲ್ಲಿ ನಿಂತವು. ಹಿಡಿ ಮಾತ್ರ ಪೂರ್ತಿ ಕೆಳಗೆ, ಚಿಲಕ ಬಿದ್ದಾಗ ಹೇಗಿರುತ್ತದೋ ಹಾಗೆಯೇ.

ಸ್ವಲ್ಪ ಹೊತ್ತು ನೋಡಿದಳು. "ಈ ಹಿಡಿ ಸುಳ್ಳು ಹೇಳ್ತಾ ಇದೆ, ಅಲ್ವಾ ಮಾವ?"

ಅದೇ. ವಿಮಾನದ ಬಾಗಿಲಿಗೆ ಚಿಲಕ ಮಾಡುವವರು ಬೇರೆ ಏನನ್ನು ಮರೆತರೂ ಇದೊಂದನ್ನು ಮರೆಯಬಾರದು. ಚಿಲಕ ನಿಜವಾಗಿ ಬೀಳದೆ ಹಿಡಿ ತನ್ನ ಜಾಗಕ್ಕೆ ಹೋಗಬಾರದು.

ನಾನು 26 ವರ್ಷ ಹ್ಯಾಂಗರಿನಲ್ಲಿ ಏರ್‌ಫ್ರೇಮ್ ಫಿಟ್ಟರ್ ಆಗಿ ದುಡಿದವನು. ಹೆಲಿಕಾಪ್ಟರ್ ಮತ್ತು ಸಣ್ಣ ವಿಮಾನಗಳ ಬಾಗಿಲು ಬಿಚ್ಚಿ ಕೂರಿಸುವುದು ನನಗೆ ಅನ್ನ ಕೊಟ್ಟ ಕೆಲಸ. ಈಗ ಅಡಿಕೆ ತೋಟದ ಬದಿಯಲ್ಲಿ ಒಂದು ಶೆಡ್ಡು, ಅದರಲ್ಲಿ ಡ್ರಿಲ್ಲಿಂಗ್ ಮಶೀನು, ವೈಸು, ವೆಲ್ಡಿಂಗ್ ಸೆಟ್ಟು ಇದೆ. ಸೀತಾಂಗೋಳಿಯಲ್ಲಿ ಹೆಚ್‌ಎಎಲ್ ಘಟಕ ಬಂದ ಮೇಲೆ ನಮ್ಮ ಕಡೆಯ ಮಕ್ಕಳಿಗೆ ವಿಮಾನದ ಕೆಲಸ ಅಂದರೆ ದೂರದ್ದು ಅನಿಸುವುದಿಲ್ಲ. ಅದು ನನಗೆ ದೊಡ್ಡ ಖುಷಿ.

ಹುಡುಗಿ ತಂದ ಡ್ರಾಯಿಂಗ್ ಸಣ್ಣ ಹೆಲಿಕಾಪ್ಟರಿನ ಸ್ಲೈಡಿಂಗ್ ಬಾಗಿಲಿನದ್ದು. ಮೂರು ಕೊಕ್ಕೆ, ಎರಡು ಕೇಬಲ್, ಒಂದು ಸೊಲೆನಾಯ್ಡ್ (ಕರೆಂಟು ಕೊಟ್ಟಾಗ ಸರಳನ್ನು ಎಳೆಯುವ ಸುರುಳಿ), ಎಲ್ಲ ಸೇರಿ ಚಲಿಸುವ ಭಾಗಗಳು 31. ಈಗ ಶೆಡ್ಡಿನಲ್ಲಿ ನಿಂತಿರುವ ಮಾದರಿಯಲ್ಲಿ 10. ಅಲ್ಲಿಗೆ ಹೇಗೆ ಬಂದೆವು ಎಂದು ಬರೆಯುತ್ತೇನೆ. ಇದು ಕಲಿಯುವುದಕ್ಕೆ ಮಾಡಿದ ಮಾದರಿ, ಹಾರುವ ವಿಮಾನಕ್ಕೆ ಹಾಕುವ ಸಾಮಾನಲ್ಲ. ವಿಮಾನಯಾನ ನೋಡಿಕೊಳ್ಳುವ ಸರಕಾರಿ ಸಂಸ್ಥೆ ಡಿಜಿಸಿಎಯ ಒಪ್ಪಿಗೆ ಇಲ್ಲದೆ ಹಾರುವ ವಿಮಾನದ ಬಾಗಿಲಿಗೆ ಒಂದು ತೂತು ಕೂಡ ಕೊರೆಯಬೇಡಿ.

ಯಾವ ಬಾಗಿಲು, ಎಷ್ಟು ಜೋರು

ಮೊದಲು ನಿಮ್ಮ ಬಾಗಿಲು ಯಾವ ಜಾತಿಯದ್ದು ಎಂದು ತಿಳಿದುಕೊಳ್ಳಿ. ದೊಡ್ಡ ಪ್ರಯಾಣಿಕ ವಿಮಾನದ ಒಳಗೆ ಗಾಳಿ ತುಂಬಿಸಿರುತ್ತಾರೆ. ಎತ್ತರದಲ್ಲಿ ಒಳಗಿನ ಒತ್ತಡ ಹೊರಗಿಗಿಂತ ಚದರ ಇಂಚಿಗೆ ಸುಮಾರು 8 ಪೌಂಡ್ ಜಾಸ್ತಿ. ಕೇಳುವುದಕ್ಕೆ ಸಣ್ಣದು. ಆದರೆ ಒಂದು ಚದರ ಅಡಿಗೆ ಲೆಕ್ಕ ಹಾಕಿದರೆ ಅರ್ಧ ಟನ್ನಿಗೂ ಸ್ವಲ್ಪ ಮೇಲೆ. ಆ ಬಾಗಿಲಿನ ಕತೆಯೇ ಬೇರೆ. ನಾನು ಹೇಳುತ್ತಿರುವುದು ಒತ್ತಡ ತುಂಬದ ವಿಮಾನಗಳ ಬಗ್ಗೆ. ಚೇತಕ್, ಧ್ರುವ ಮುಂತಾದ ಹೆಲಿಕಾಪ್ಟರುಗಳಲ್ಲಿ ಪಕ್ಕಕ್ಕೆ ಸರಿಯುವ ಬಾಗಿಲು ಇದೆಯಲ್ಲ, ಪ್ಯಾರಾಶೂಟ್ ಕಟ್ಟಿಕೊಂಡು ಹಾರುವವರ ಸಣ್ಣ ವಿಮಾನಗಳಲ್ಲೂ ಇರುತ್ತದೆಯಲ್ಲ, ಅಂಥದ್ದು.

ಇಲ್ಲಿ ಒಳಗಿನಿಂದ ತಳ್ಳುವ ಗಾಳಿ ಇಲ್ಲ. ಹೊರಗಿನಿಂದ ಹೀರುವ ಗಾಳಿ ಇದೆ. ಮೈಯ ಉಬ್ಬಿನ ಮೇಲೆ ಗಾಳಿ ರಭಸದಿಂದ ಹೋಗುವಾಗ ಬಾಗಿಲನ್ನು ಹೊರಗೆ ಎಳೆಯುತ್ತದೆ. ಎಷ್ಟು? ಗಂಟೆಗೆ 222 ಕಿ.ಮೀ., ಅಂದರೆ 120 ನಾಟ್ ವೇಗದಲ್ಲಿ ಗಾಳಿಯ ರಭಸದ ಒತ್ತಡ ಚದರ ಮೀಟರಿಗೆ ಸುಮಾರು 240 ಕಿಲೋ. ವೇಗ ಎರಡು ಪಟ್ಟಾದರೆ ಇದು ನಾಲ್ಕು ಪಟ್ಟು. ಹೀರುವ ಬಲ ಇದರ ಎಷ್ಟು ಪಾಲು ಎಂಬುದು ಬಾಗಿಲು ಮೈಯ ಯಾವ ಭಾಗದಲ್ಲಿದೆ ಎಂಬುದರ ಮೇಲೆ ನಿಂತಿದೆ. ನಾವು ಪೂರ್ತಿ ಹಿಡಿದೆವು. ನಮ್ಮ ಬಾಗಿಲು 1.2 ಮೀಟರ್ ಎತ್ತರ, 1.1 ಮೀಟರ್ ಅಗಲ. ಹತ್ತಿರ ಹತ್ತಿರ 315 ಕಿಲೋ ಬಂತು. ವಿಮಾನದ ಕೆಲಸದಲ್ಲಿ ಭದ್ರತೆಗೆ ಎಂದು ಇದನ್ನು ಒಂದೂವರೆಯಿಂದ ಗುಣಿಸಬೇಕು. ಜೋಡಣೆಯ ಭಾಗಗಳಿಗೆ ಮತ್ತೆ 1.15ರಿಂದ. ಒಟ್ಟು ಸುಮಾರು 540 ಕಿಲೋ, ಅಂದರೆ 50 ಕಿಲೋದ ಸಿಮೆಂಟ್ ಚೀಲ 11.

ಹುಡುಗಿಯ ಡ್ರಾಯಿಂಗಿನಲ್ಲಿ ಈ 540 ಕಿಲೋ ಮೂರು ಕೊಕ್ಕೆಗಳ ಮೇಲೆ ಬೀಳುತ್ತಿತ್ತು. ಅದಕ್ಕೇ ಕೊಕ್ಕೆ ದಪ್ಪ, ಕೊಕ್ಕೆ ತಿರುಗಿಸುವ ಲಿವರ್ ದಪ್ಪ, ಕೈಗೆ ಭಾರ ಅಂತ ಸೊಲೆನಾಯ್ಡ್.

"ಇಷ್ಟು ಭಾರವನ್ನು ಚಲಿಸುವ ವಸ್ತುವಿನ ಮೇಲೆ ಯಾಕೆ ಹಾಕ್ತೀ?" ಎಂದು ಕೇಳಿದೆ.

ನಾವು ಮಾಡಿದ ದೊಡ್ಡ ಬದಲಾವಣೆ ಇದೇ. ಬಾಗಿಲಿನ ಮುಂದಿನ ಅಂಚಿಗೆ ಮೂರು ನಾಲಿಗೆ ರಿವೆಟ್ ಹೊಡೆದೆವು. ಅವು ಅಲ್ಲಾಡುವುದಿಲ್ಲ, ತಿರುಗುವುದಿಲ್ಲ. ಚೌಕಟ್ಟಿನಲ್ಲಿ ಅವಕ್ಕೆ ಸರಿಯಾಗಿ ಮೂರು ಗೂಡು. ಬಾಗಿಲು ಮುಂದಕ್ಕೆ ಸರಿದು ಮುಚ್ಚಿದಾಗ ನಾಲಿಗೆ ಗೂಡಿಗೆ ಹೋಗುತ್ತದೆ. ಮೇಲೆ ಕೆಳಗೆ ಹಳಿ, ಮುಂದೆ ನಾಲಿಗೆ. ಹೊರಗೆ ಎಳೆಯುವ ಗಾಳಿಯನ್ನು ಇವೇ ತಡೆಯುತ್ತವೆ. ಚಿಲಕಕ್ಕೆ ಉಳಿದ ಕೆಲಸ ಒಂದೇ, ಬಾಗಿಲು ಹಿಂದಕ್ಕೆ ಜಾರದಂತೆ ನೋಡಿಕೊಳ್ಳುವುದು. 18 ಕಿಲೋ ಬಾಗಿಲು, ವಿಮಾನ 15 ಡಿಗ್ರಿ ಮೂತಿ ಎತ್ತಿದರೆ ಹಿಂದಕ್ಕೆ ಎಳೆಯುವುದು 5 ಕಿಲೋ ಸಹ ಇಲ್ಲ. ಯಾರೋ ಬಾಗಿಲು ಹಿಡಿದು ಜಗ್ಗುತ್ತಾರೆ ಎಂದು 100 ಕಿಲೋ ಲೆಕ್ಕ ಹಾಕಿದರೂ 10 ಮಿ.ಮೀ. ಉಕ್ಕಿನ ಸರಳಿಗೆ ಅದು ಏನೂ ಅಲ್ಲ. ಸರಳು ಹೋಗುವ ಅಲ್ಯುಮಿನಿಯಂ ತೂತು ಮಾತ್ರ ದಿನ ಕಳೆದಂತೆ ಮೊಟ್ಟೆಯ ಆಕಾರಕ್ಕೆ ತಿರುಗುತ್ತದೆ. ಅಲ್ಲಿ ಉಕ್ಕಿನ ಬುಶ್, ಅಂದರೆ ತೂತಿನ ಒಳಗೆ ಕೂರುವ ಗಿಡ್ಡ ಕೊಳವೆ, ಹಾಕಲೇಬೇಕು.

ಮಲೆನಾಡಿನವರು ತೋಟದ ದಾರಿಗೆ ಉಣುಗೋಲು ಹಾಕುತ್ತಾರೆ. ಎರಡು ಕಂಬಕ್ಕೆ ತೂತು, ಅದರಲ್ಲಿ ಅಡ್ಡ ಬಿದಿರು. ದನ ಎಷ್ಟು ಒತ್ತಿದರೂ ಆ ಭಾರ ಕಂಬಕ್ಕೆ ಹೋಗುತ್ತದೆ. ಬಿದಿರು ಪಕ್ಕಕ್ಕೆ ಜಾರದಿದ್ದರೆ ಸಾಕು. ಸ್ಲೈಡಿಂಗ್ ಬಾಗಿಲಿನ ಯೋಚನೆಯೂ ಅದೇ. ಭಾರ ಹೊರುವ ಕೆಲಸ ಅಲ್ಲಾಡದ ವಸ್ತುವಿಗೆ ಕೊಡಿ, ಅಲ್ಲಾಡುವ ವಸ್ತುವಿಗೆ ಹಗುರ ಕೆಲಸ ಕೊಡಿ.

ನನ್ನ ಕೈಯಲ್ಲೇ ಆದದ್ದು

ಕೆಲಸಕ್ಕೆ ಸೇರಿ ನಾಲ್ಕನೇ ವರ್ಷ. ಬೆಳಗ್ಗೆ ಆರೂವರೆ, ಹ್ಯಾಂಗರಿನ ಹೊರಗೆ ಮಂಜು. ಹೆಲಿಕಾಪ್ಟರಿನ ಎಡಗಡೆಯ ಬಾಗಿಲು ಎಳೆದೆ, ಹಿಡಿ ಇಳಿಸಿದೆ. ಕೊನೆಗೆ ಒಂದೆರಡು ಬೆರಳಷ್ಟು ಗಟ್ಟಿ ಬಂತು. ಮೊಣಕಾಲು ಕೊಟ್ಟು ಒತ್ತಿದೆ. ಹಿಡಿ ಹೋಗಿ ಕೂತಿತು. ಹೆಬ್ಬೆರಳು ಎತ್ತಿ ತೋರಿಸಿದೆ.

ಹನ್ನೊಂದು ನಿಮಿಷಕ್ಕೆ ಹೆಲಿಕಾಪ್ಟರಿನವರು ವಾಪಸು ಬಂದರು. ಮೇಲೆ ಹೋದ ಮೇಲೆ ಬಾಗಿಲು ಒಂದು ಗೇಣು ಹಿಂದೆ ಜಾರಿತ್ತು. ಹಿಂದೆ ಕೂತಿದ್ದವನ ಫೈಲು ಹಾರಿ ಹೋಗಿತ್ತು, ಅಷ್ಟೇ. ಬೆಲ್ಟ್ ಹಾಕಿದ್ದ, ಅದಕ್ಕೆ ದೇವರಿಗೆ ಕೈ ಮುಗಿಯುತ್ತೇನೆ. ಬಿಚ್ಚಿ ನೋಡಿದರೆ ಕೊಕ್ಕೆ ಗೂಟದ ಹಿಂದೆ ಹೋಗಿರಲಿಲ್ಲ, ಗೂಟದ ತಲೆಯ ಮೇಲೆ ಕೂತಿತ್ತು. ನಾನು ಮೊಣಕಾಲಿನಿಂದ ಕೊಟ್ಟ ಬಲಕ್ಕೆ ನಡುವಿನ ತೆಳು ಸರಳು ಬಾಗಿ ಹಿಡಿಗೆ ದಾರಿ ಬಿಟ್ಟಿತ್ತು. ಆ ಬಾಗಿದ ಸರಳು ಇಂದಿಗೂ ನನ್ನ ಕಣ್ಣ ಮುಂದೆ ಇದೆ. ಪೆನ್ಸಿಲಿಗಿಂತ ಸ್ವಲ್ಪ ದಪ್ಪ, ನಡುವೆ ಬಿಲ್ಲಿನ ಹಾಗೆ ಬಾಗಿತ್ತು.

ಇದೇ ತಪ್ಪು ದೊಡ್ಡ ವಿಮಾನದಲ್ಲಿ ಆದಾಗ ಏನಾಯಿತು ಎಂದು ಆಮೇಲೆ ಓದಿದೆ. ಡಿಸಿ-10 ವಿಮಾನದ ಹಿಂಬದಿಯ ಸಾಮಾನಿನ ಬಾಗಿಲು. ಅದು ಸ್ಲೈಡಿಂಗ್ ಅಲ್ಲ, ಹೊರಗೆ ತೆರೆಯುವಂಥದ್ದು, ಒತ್ತಡ ತುಂಬಿದ ವಿಮಾನ. ಕೊಕ್ಕೆಗಳನ್ನು ಮೋಟಾರು ಬೀಳಿಸಬೇಕು, ಆಮೇಲೆ ಕೈಯಿಂದ ಲಿವರ್ ಎಳೆದರೆ ಲಾಕ್ ಪಿನ್ನುಗಳು ಹೋಗಿ ಕೂರಬೇಕು. ಕೊಕ್ಕೆ ಪೂರ್ತಿ ಬೀಳದಿದ್ದರೂ ಜೋರಾಗಿ ಒತ್ತಿದರೆ ಒಳಗಿನ ಜೋಡಣೆ ಬಾಗಿ ಲಿವರ್ ಮುಚ್ಚಿಕೊಳ್ಳುತ್ತಿತ್ತು. 1972ರ ಜೂನ್ 12ರಂದು ಕೆನಡಾದ ವಿಂಡ್ಸರ್ ಮೇಲೆ ಬಾಗಿಲು ಕಿತ್ತು ಹೋಯಿತು. ಪೈಲಟ್‌ಗಳು ಹೇಗೋ ಇಳಿಸಿದರು, ಎಲ್ಲರೂ ಬದುಕಿದರು. 1974ರ ಮಾರ್ಚ್ 3ರಂದು ಪ್ಯಾರಿಸ್ಸಿನಿಂದ ಹೊರಟ ಇನ್ನೊಂದು ಡಿಸಿ-10ರಲ್ಲಿ ಮತ್ತೆ ಅದೇ ಆಯಿತು. ಎರ್ಮನಾನ್‌ವಿಲ್ ಕಾಡಿನಲ್ಲಿ ಬಿತ್ತು. 346 ಮಂದಿ ಸತ್ತರು, ಒಬ್ಬರೂ ಉಳಿಯಲಿಲ್ಲ.

ಹಾಗಾಗಿ ನಮ್ಮ ಮಾದರಿಯ ಹೃದಯ ಅಂದರೆ ಹಿಡಿಗೆ ಹಾಕಿದ ಕಾವಲು.

ಚಿಲಕ ಹೀಗೆ

ಕಪಾಟಿನ ಚಿಲಕವನ್ನೇ ತೆಗೆದುಕೊಂಡೆವು. ನಡುವೆ ಒಂದು ದುಂಡು ತಟ್ಟೆ. ಅದಕ್ಕೆ ಎದುರು ಬದುರು ಎರಡು ಉದ್ದ ಸರಳು, ಒಂದು ಮೇಲಕ್ಕೆ ಒಂದು ಕೆಳಕ್ಕೆ. ತಟ್ಟೆಯ ನಡುವಿನ ದಂಡಕ್ಕೆ ಒಳಗೊಂದು ಹೊರಗೊಂದು ಹಿಡಿ ವೆಲ್ಡ್ ಮಾಡಿದ್ದು. ತಟ್ಟೆ, ದಂಡ, ಹಿಡಿ ಮೂರೂ ಸೇರಿ ಒಂದೇ ತುಂಡು. ಕಾಲು ಸುತ್ತು ತಿರುಗಿಸಿದರೆ ಸರಳು 25 ಮಿ.ಮೀ. ಹೊರಗೆ ಬರುತ್ತದೆ. 10 ಮಿ.ಮೀ. ಸಂದಿಗೆ, 15 ಮಿ.ಮೀ. ತೂತಿನ ಒಳಗೆ. ಸರಳಿನ ತುದಿ ಪೆನ್ಸಿಲ್ ಮೊನೆಯ ಹಾಗಲ್ಲ, ಸ್ವಲ್ಪ ಮಾತ್ರ ಚೂಪು. ಜಾಸ್ತಿ ಚೂಪಾದರೆ ಅರ್ಧ ಮುಚ್ಚಿದ ಬಾಗಿಲಿನಲ್ಲೂ ತೂತಿನ ಅಂಚಿಗೆ ನುಸುಳುತ್ತದೆ.

ತಟ್ಟೆ ನೇರ ಗೆರೆಗೆ ಬಂದು ಅಲ್ಲೇ ನಿಲ್ಲಬಾರದು, 5 ಡಿಗ್ರಿ ದಾಟಿ ಹೋಗಿ ಒಂದು ಗಟ್ಟಿ ತಡೆಗೆ ತಾಗಿ ನಿಲ್ಲಬೇಕು. ಯಾಕೆ ಎಂದು ತಿಳಿಯಬೇಕಾದರೆ ಟಿಫಿನ್ ಕ್ಯಾರಿಯರಿನ ಪಕ್ಕದ ಕ್ಲಿಪ್ಪನ್ನು ನಿಧಾನ ಒತ್ತಿ ನೋಡಿ. ಒಂದು ಜಾಗದವರೆಗೆ ಅದು ಕೈಯನ್ನು ಹಿಂದಕ್ಕೆ ತಳ್ಳುತ್ತದೆ. ಆ ಜಾಗ ದಾಟಿದ ಕೂಡಲೇ ತಾನಾಗಿ ಟಪ್ ಎಂದು ಕೂರುತ್ತದೆ. ಆಮೇಲೆ ಡಬ್ಬಿಯನ್ನು ಎಷ್ಟು ಅಲ್ಲಾಡಿಸಿದರೂ ಇನ್ನೂ ಬಿಗಿಯಾಗುತ್ತದೆ ಹೊರತು ಸಡಿಲವಾಗುವುದಿಲ್ಲ. ನಮ್ಮ ತಟ್ಟೆಯಲ್ಲಿ 5 ಡಿಗ್ರಿ ಅಂದರೆ 2 ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ. ಕೀಲುಗಳು ಸವೆದು ಸವೆದು ಇದನ್ನೇ ತಿನ್ನುತ್ತವೆ. ಒಂದೊಂದು ಕೀಲು 0.3 ಮಿ.ಮೀ. ಸವೆದರೂ ಏಳು ಕೀಲಿದ್ದರೆ ಆ 2 ಮಿ.ಮೀ. ಮುಗಿಯಿತು. ಭಾಗ ಕಡಿಮೆ ಇರಲಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ನಮ್ಮಲ್ಲಿ ಹಿಡಿಯಿಂದ ಸರಳಿನ ತುದಿಯವರೆಗೆ ಇರುವುದು ಒಂದೇ ಕೀಲು.

ಇನ್ನು ಕಾವಲು ಕಡ್ಡಿ. ಬಾಗಿಲಿನ ಮುಂದಿನ ಅಂಚಿನಿಂದ 12 ಮಿ.ಮೀ. ಹೊರಗೆ ಚಾಚಿರುವ 8 ಮಿ.ಮೀ. ದಪ್ಪದ ಕಡ್ಡಿ, ಹಿಂದೆ ಸ್ಪ್ರಿಂಗ್. ಈ ಕಡ್ಡಿ ತಟ್ಟೆಯ ಅಂಚನ್ನು ಸವರಿಕೊಂಡು ಹೋಗುತ್ತದೆ. ತಟ್ಟೆಯ ಒಂದು ಬದಿಯನ್ನು ಚಪ್ಪಟೆಯಾಗಿ ಕತ್ತರಿಸಿದ್ದೇವೆ, ಕಡ್ಡಿಗೆ ಅಲ್ಲಿ ಜಾಗ. ಬಾಗಿಲು ತೆರೆದಿದ್ದಾಗ ಕಡ್ಡಿಯ ದಪ್ಪ ಭಾಗ ಆ ಚಪ್ಪಟೆಗೆ ಒತ್ತಿ ಕೂತಿರುತ್ತದೆ, ತಟ್ಟೆ ತಿರುಗುವುದೇ ಇಲ್ಲ. ಬಾಗಿಲು ಪೂರ್ತಿ ಮುಚ್ಚಿದಾಗ ಚೌಕಟ್ಟು ಕಡ್ಡಿಯನ್ನು ಹಿಂದಕ್ಕೆ ತಳ್ಳುತ್ತದೆ. ಆಗ ಕಡ್ಡಿಯ ಸಣ್ಣ ಕುತ್ತಿಗೆ ತಟ್ಟೆಯ ಎದುರಿಗೆ ಬರುತ್ತದೆ, ತಟ್ಟೆಗೆ ದಾರಿ ಸಿಗುತ್ತದೆ. ಅಂದರೆ ಬಾಗಿಲು ಮುಚ್ಚದೆ ಹಿಡಿ ತಿರುಗದು.

ಆದರೆ ಇಷ್ಟೇ ಸಾಲದು. ಬಾಗಿಲಿನ ಕೆಳಗೆ ಬ್ಯಾಗಿನ ಪಟ್ಟಿ ಸಿಕ್ಕಿಕೊಂಡರೆ ನಡುವಿನ ಕಡ್ಡಿಗೆ ಅದು ಗೊತ್ತಾಗದಿರಬಹುದು. ಬಾಗಿಲು ಸ್ವಲ್ಪ ಓರೆಯಾಗಿ ನಿಲ್ಲುತ್ತದೆ. ಆಗ ಕೆಳಗಿನ ಸರಳು ತೂತಿಗೆ ಹೋಗದೆ ಪಕ್ಕಕ್ಕೆ ಬೀಳುತ್ತದೆ. ಆ ಪಕ್ಕದಲ್ಲಿ ಖಾಲಿ ಜಾಗ ಇರಬಾರದು. ತೂತಿನ ಹಿಂದೆ 40 ಮಿ.ಮೀ. ಉದ್ದಕ್ಕೆ ಗಟ್ಟಿ ಉಕ್ಕಿನ ಪಟ್ಟಿ ಹಾಕಿದೆವು. ಸರಳು ಅದಕ್ಕೆ ಬಡಿದು ನಿಲ್ಲುತ್ತದೆ, ಹಿಡಿಯೂ ನಡುದಾರಿಯಲ್ಲೇ ನಿಲ್ಲುತ್ತದೆ. ಇದಕ್ಕೆ ಸರಳು ಬಾಗದಷ್ಟು ದಪ್ಪ ಇರಲೇಬೇಕು. ನಾನು ಆ ದಿನ ಬಗ್ಗಿಸಿದ ಸರಳಿನ ಹಾಗೆ ತೆಳುವಾದರೆ ಉಳಿದ ಎಲ್ಲ ಬುದ್ಧಿಯೂ ವ್ಯರ್ಥ.

ಸರಳು ಹಾದುಹೋಗುವ ಬುಶ್ಶಿನ ಬಾಯಿ ಎರಡೂ ಕಡೆ ದುಂಡಗಿರಲಿ. ತಟ್ಟೆ ತಿರುಗುವಾಗ ಸರಳು ಸ್ವಲ್ಪ ಓರೆಯಾಗುತ್ತದೆ, ನೇರ ಬಾಯಿ ಇದ್ದರೆ ಕಚ್ಚಿಕೊಳ್ಳುತ್ತದೆ.

ಚಿಲಕ ಬೇರೆ, ಲಾಕ್ ಬೇರೆ

ಚಿಲಕ ಬಾಗಿಲನ್ನು ಹಿಡಿಯುತ್ತದೆ. ಲಾಕ್ ಚಿಲಕವನ್ನು ಹಿಡಿಯುತ್ತದೆ. ಎರಡು ಬೇರೆ ಬೇರೆ ಕೆಲಸ. ದೊಡ್ಡ ವಿಮಾನಗಳ ಬಾಗಿಲಿಗೆ ಅಮೆರಿಕದ ನಿಯಮ 25.783 ಇದನ್ನು ಬಿಡಿಸಿ ಹೇಳುತ್ತದೆ. ಚಿಲಕ ಪೂರ್ತಿ ಬೀಳದಿದ್ದರೆ ಲಾಕ್ ತನ್ನ ಜಾಗಕ್ಕೆ ಹೋಗಲು ಸಾಧ್ಯವೇ ಆಗಬಾರದು. ನಮ್ಮದು ಸಣ್ಣ ಮಾದರಿ, ಆದರೂ ಆ ಮಾತನ್ನೇ ಹಿಡಿದೆವು.

ಲಾಕನ್ನು ಎಲ್ಲಿ ಹಾಕುವುದು ಎಂದು ಎರಡು ದಿನ ಜಗಳವಾಯಿತು. "ತಟ್ಟೆಗೆ ಹಾಕಿದರೆ ಸುಲಭ ಅಲ್ವಾ ಮಾವ, ಹತ್ತಿರ ಆಗ್ತದೆ" ಎಂಬುದು ಅವಳ ವಾದ. ಸುಲಭ ಹೌದು. ಆದರೆ ತಟ್ಟೆ ಮತ್ತು ಸರಳಿನ ನಡುವಿನ ಬೋಲ್ಟ್ ಮುರಿದರೆ? ತಟ್ಟೆ ಲಾಕ್ ಆಗಿಯೇ ಇರುತ್ತದೆ, ಮೇಲಿನ ಸರಳು ತನ್ನ ಭಾರಕ್ಕೆ ಕೆಳಗೆ ಇಳಿದು ತೂತಿನಿಂದ ಹೊರಬರುತ್ತದೆ. ಕೆಳಗಿನದು ಇನ್ನೂ ಕೆಳಗೆ ಬೀಳುತ್ತದೆ, ಅಂದರೆ ಚಿಲಕದ ಕಡೆಗೇ ಬೀಳುತ್ತದೆ, ಅದರ ಚಿಂತೆ ಇಲ್ಲ. ಹಾಗಾಗಿ ಲಾಕ್ ಬೇಕಾಗಿರುವುದು ಮೇಲಿನ ಸರಳಿಗೆ, ಅದರ ತುದಿಯ ಹತ್ತಿರವೇ. ಹಿಡಿಯಿಂದ ಲಾಕಿನವರೆಗೆ ಒಂದು ತೆಳು ಕಡ್ಡಿ ಜಾಸ್ತಿಯಾಯಿತು. ಅದನ್ನು ಮನಸ್ಸಿಟ್ಟು ಒಪ್ಪಿಕೊಂಡೆ. ಭಾಗ ಕಡಿಮೆ ಮಾಡಬೇಕೆಂದು ಭದ್ರತೆಯನ್ನೇ ಕಡಿಮೆ ಮಾಡುವ ಹಾಗಿಲ್ಲ.

ಮೇಲಿನ ಸರಳಿಗೆ ಒಂದು ಮೆಟ್ಟಿಲು ಕಡೆದಿದ್ದೇವೆ. ಸರಳು ಪೂರ್ತಿ ಮೇಲೆ ಹೋದ ಮೇಲೆ ಮಾತ್ರ ಸ್ಪ್ರಿಂಗಿನ ಬಲಕ್ಕೆ ಒಂದು ಅಡ್ಡತುಂಡು ಆ ಮೆಟ್ಟಿಲಿನ ಕೆಳಗೆ ಬಂದು ನಿಲ್ಲುತ್ತದೆ. ಅರ್ಧ ಮಿ.ಮೀ. ಸಡಿಲ ಬಿಡಿ, ಇಲ್ಲದಿದ್ದರೆ ತಟ್ಟೆ ಆ 5 ಡಿಗ್ರಿ ದಾಟುವಾಗ ಕಚ್ಚುತ್ತದೆ. ಅಡ್ಡತುಂಡು ಉಕ್ಕಿನದ್ದೇ ಆಗಬೇಕು. 1989ರ ಫೆಬ್ರವರಿ 24ರಂದು ಹೊನೊಲುಲುವಿನಿಂದ ಹೊರಟ ಬೋಯಿಂಗ್ 747ರ ಸಾಮಾನಿನ ಬಾಗಿಲು ಆಕಾಶದಲ್ಲಿ ತೆರೆದುಕೊಂಡು 9 ಮಂದಿ ಸತ್ತರು. ವಿದ್ಯುತ್ ದೋಷದಿಂದ ಮೋಟಾರು ತಾನಾಗಿ ಚಿಲಕ ತಿರುಗಿಸಿತ್ತು. ತಡೆಯಬೇಕಾಗಿದ್ದ ಲಾಕ್ ತುಂಡುಗಳು ಅಲ್ಯುಮಿನಿಯಂ, ಬಗ್ಗಿ ಹೋದವು. ಆಮೇಲೆ ಉಕ್ಕಿನದ್ದು ಹಾಕಿದರು. ನಮ್ಮ ಡ್ರಾಯಿಂಗಿನಿಂದ ಸೊಲೆನಾಯ್ಡ್ ತೆಗೆದು ಹಾಕಿದ್ದು ಈ ಕತೆ ಹೇಳಿದ ದಿನವೇ. ಕೈಯಿಂದ ಆಗುವ ಕೆಲಸಕ್ಕೆ ಕರೆಂಟು ಬೇಡ.

ಲಾಕ್ ಬಿಡಿಸುವುದು ಹಿಡಿಯ ಹಿಂದಿರುವ ಬೆರಳುಪಟ್ಟಿಯಿಂದ. ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದರೆ ಬೆರಳುಗಳು ತಾವಾಗಿ ಪಟ್ಟಿಯನ್ನು ಒತ್ತುತ್ತವೆ. ಹೆದರಿದ ಮನುಷ್ಯ ಕತ್ತಲಲ್ಲಿ ತಡಕಾಡಿದರೂ ಹಿಡಿಯುವುದು, ತಿರುಗಿಸುವುದು, ಎಳೆಯುವುದು, ಇಷ್ಟೇ. ಆದರೆ ಮೊಣಕಾಲು ತಾಗಿದರೆ, ಬ್ಯಾಗಿನ ಪಟ್ಟಿ ಸಿಕ್ಕಿದರೆ ಒತ್ತುವುದು ತಿರುಗಿಸುವುದು ಎರಡೂ ಒಟ್ಟಿಗೆ ಆಗುವುದಿಲ್ಲ. ಪಟ್ಟಿ ಸಿಕ್ಕುವುದು ಸಣ್ಣ ವಿಷಯ ಅಂದುಕೊಳ್ಳಬೇಡಿ. 2018ರ ಮಾರ್ಚ್ 11ರಂದು ನ್ಯೂಯಾರ್ಕಿನ ಈಸ್ಟ್ ನದಿಗೆ ಬಿದ್ದ ಹೆಲಿಕಾಪ್ಟರಿನಲ್ಲಿ ಇಂಧನ ನಿಲ್ಲಿಸುವ ಲಿವರಿಗೆ ಸಿಕ್ಕಿದ್ದು ಪ್ರಯಾಣಿಕನ ಸುರಕ್ಷಾ ಪಟ್ಟಿಯ ತುದಿ. ಐವರು ಪ್ರಯಾಣಿಕರೂ ಮುಳುಗಿ ಸತ್ತರು.

ಹೊರಗಿನ ಹಿಡಿಯ ಹಿಂದೆಯೂ ಇಂಥದ್ದೇ ಬೆರಳುಪಟ್ಟಿ ಇದೆ. ಬಿದ್ದ ವಿಮಾನದ ಹತ್ತಿರ ಓಡಿ ಬರುವವನು ಊರವನು, ಅವನಿಗೆ ತರಬೇತಿ ಇರುವುದಿಲ್ಲ.

ಓದಲು ಬಾರದ ಬೋರ್ಡು

ಪ್ಯಾರಿಸ್ಸಿನ ಆ ಡಿಸಿ-10ರ ಬಾಗಿಲಿನಲ್ಲಿ ಲಾಕ್ ಪಿನ್ ನೋಡಲು ಸಣ್ಣ ಕಿಂಡಿ ಇತ್ತು. ಹೇಗೆ ಮುಚ್ಚಬೇಕು ಎಂದು ಬರೆದೂ ಇತ್ತು, ಇಂಗ್ಲಿಷಿನಲ್ಲಿ ಮತ್ತು ಟರ್ಕಿಯ ಭಾಷೆಯಲ್ಲಿ. ಬಾಗಿಲು ಮುಚ್ಚಿದ ಕೆಲಸಗಾರನಿಗೆ ಆ ಎರಡೂ ಓದಲು ಬರುತ್ತಿರಲಿಲ್ಲ. ಅವನಿಗೆ ಬೇರೆ ಭಾಷೆಗಳು ಬರುತ್ತಿದ್ದವು.

ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಪ್ತಭಾಷೆಗಳ ನಾಡು ನಮ್ಮದು. ಮನೆಯಲ್ಲಿ ಒಂದು, ಪೇಟೆಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು. ನಮ್ಮ ಅಮ್ಮ ಕನ್ನಡ ಓದುತ್ತಾರೆ, ತುಳು ಮಾತಾಡುತ್ತಾರೆ, ಮಲಯಾಳ ಕೇಳಿದರೆ ಅರ್ಥವಾಗುತ್ತದೆ, ಆದರೆ ಬಸ್ಸಿನ ಮಲಯಾಳ ಬೋರ್ಡು ಓದಲಾರರು. ಪಕ್ಕದವರನ್ನು ಕೇಳಿ ಹತ್ತುತ್ತಾರೆ. ವಿಮಾನದ ಬಾಗಿಲಿನ ಹತ್ತಿರ ಕೇಳುವುದಕ್ಕೆ ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಹಾಗಾಗಿ ಬರಹವನ್ನು ನಂಬಿ ಚಿಲಕ ಮಾಡಬೇಡಿ. ಬರಹ ಹಾಕಿ, ಆದರೆ ಅದಿಲ್ಲದೆಯೂ ತಿಳಿಯಬೇಕು. ನಮ್ಮ ಮಾದರಿಯಲ್ಲಿ ಅಡ್ಡತುಂಡಿಗೇ ಹಳದಿ ಬಣ್ಣ ಬಳಿದು ಅದರ ಎದುರು ಒಂದು ಗಾಜಿನ ಕಿಂಡಿ ಇಟ್ಟೆವು. ಕಿಂಡಿ ತುಂಬ ಹಳದಿ ಕಂಡರೆ ಲಾಕ್ ಆಗಿದೆ. ಕಪ್ಪು ಕಂಡರೆ ಆಗಿಲ್ಲ. ಪೈಲಟ್ ಎದುರು ದೀಪ ಬೇಕಿದ್ದರೆ ಅದರ ಸ್ವಿಚ್ಚೂ ಅಡ್ಡತುಂಡನ್ನೇ ಮುಟ್ಟಬೇಕು. ಹಿಡಿಗೆ ಸ್ವಿಚ್ ಕೂರಿಸಿದರೆ ದೀಪವೂ ಹಿಡಿಯ ಜೊತೆ ಸೇರಿ ಸುಳ್ಳು ಹೇಳುತ್ತದೆ.

ಸಣ್ಣ ವಿಷಯಗಳು

ಸ್ಪ್ರಿಂಗ್ ಒತ್ತುವ ಜಾತಿಯದ್ದೇ ಇರಲಿ, ಎಳೆಯುವ ಜಾತಿಯದ್ದು ಬೇಡ. ಎಳೆಯುವ ಸ್ಪ್ರಿಂಗ್ ಮುರಿದರೆ ಎರಡು ತುಂಡಾಗಿ ಬಿದ್ದುಹೋಗುತ್ತದೆ. ಒತ್ತುವ ಸ್ಪ್ರಿಂಗನ್ನು ಕಡ್ಡಿಗೆ ಪೋಣಿಸಿದ್ದರೆ ಮುರಿದರೂ ಅಲ್ಲೇ ಕೂತು ಸ್ವಲ್ಪವಾದರೂ ತಳ್ಳುತ್ತದೆ.

ತಿರುಗುವ ಕೀಲಿನ ಬೋಲ್ಟಿಗೆ ಬರೀ ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇರುವ ನಟ್) ಹಾಕಬೇಡಿ. ತಿರುಗಿ ತಿರುಗಿ ಅದು ಸಡಿಲವಾಗಬಹುದು. ತಲೆಯಲ್ಲಿ ಸೀಳು ಇರುವ ಕ್ಯಾಸಲ್ ನಟ್, ಆ ಸೀಳಿನಲ್ಲಿ ಬೋಲ್ಟಿಗೆ ಅಡ್ಡ ಹಾಯುವ ಸ್ಪ್ಲಿಟ್ ಪಿನ್ ಹಾಕಿ. ಇದು ವಿಮಾನದ ಕೆಲಸದ ಹಳೆಯ ಶಿಸ್ತು.

ಉಕ್ಕು ಮತ್ತು ಅಲ್ಯುಮಿನಿಯಂ ನೇರ ತಾಗಬಾರದು. ಕಡಲು ನಮ್ಮಿಂದ ದೂರವಿಲ್ಲ. ಕುಂಬಳೆಯ ಕಡೆಯಿಂದ ಬರುವ ಉಪ್ಪುಗಾಳಿ ಒಂದು ಮಳೆಗಾಲ ಬೀಸಿದರೆ ಸಾಕು, ಬುಶ್ಶಿನ ಸುತ್ತ ಬಿಳಿ ಪುಡಿ ಏಳುತ್ತದೆ. ಬುಶ್ ಕೂರಿಸುವಾಗ ಪ್ರೈಮರ್ ಹಸಿ ಇರುವಾಗಲೇ ಕೂರಿಸಿ. ಹಳಿಗೆ ಗ್ರೀಸ್ ಮೆತ್ತಬೇಡಿ, ಧೂಳು ಹಿಡಿದು ಉಜ್ಜುವ ಕಾಗದವಾಗುತ್ತದೆ.

ಬಾಗಿಲು ತೆರೆದು ಹಾರುವ ಹೆಲಿಕಾಪ್ಟರಾದರೆ ತೆರೆದ ಜಾಗದಲ್ಲೂ ಬಾಗಿಲನ್ನು ಹಿಡಿಯುವ ಕೊಕ್ಕೆ ಬೇಕು. ಇದನ್ನು ಎಷ್ಟೋ ಜನ ಮರೆಯುತ್ತಾರೆ. ಹಿಂದೆ ಸರಿದ ಬಾಗಿಲು ವಿಮಾನ ನಿಧಾನಿಸಿದಾಗ ಮುಂದಕ್ಕೆ ಓಡಿ ಬರುತ್ತದೆ. 18 ಕಿಲೋ ಬೆರಳಿನ ಮೇಲೆ ಬಿದ್ದರೆ ಬೆರಳು ಉಳಿಯುವುದಿಲ್ಲ. ಹಳಿಯ ಕೊನೆಯಲ್ಲಿ ಗಟ್ಟಿ ತಡೆಯೂ ಬೇಕು.

ಕೆಟ್ಟದಾಗಿ ಮುಚ್ಚಿ ನೋಡಿ

12 ಮಿ.ಮೀ. ಪ್ಲೈವುಡ್ಡಿನ ಬಾಗಿಲು, ಕಬ್ಬಿಣದ ಆಂಗಲಿನ ಚೌಕಟ್ಟು. ಚಿಲಕದ ಭಾಗ ಮಾತ್ರ ನಿಜವಾದ ಉಕ್ಕು. ಸರಿಯಾಗಿ ಮುಚ್ಚಿ ತೆಗೆಯುವುದನ್ನು 500 ಸಲ ಮಾಡಿದೆವು, ಅದು ಸವೆತ ನೋಡುವುದಕ್ಕೆ. ಕಲಿತದ್ದು ತಪ್ಪಾಗಿ ಮುಚ್ಚಿದಾಗ.

ಕೆಳಗಿನ ಅಂಚಿಗೆ ಬೈರಾಸು ಸಿಕ್ಕಿಸಿ ಮುಚ್ಚಿ. ಜಲ್ಲಿಕಲ್ಲು ಇಟ್ಟು ಮುಚ್ಚಿ. ಒಂದು ಸ್ಪ್ರಿಂಗ್ ತೆಗೆದು ಮುಚ್ಚಿ. ಮೇಲಿನ ಸರಳಿನ ಬೋಲ್ಟ್ ಕಳಚಿ ಅಲ್ಲಾಡಿಸಿ. ಕೆಳಗಿನ ತೂತಿಗೆ ಮರದ ತುಂಡು ಹೊಡೆದು ಹಿಡಿಗೆ ನಿಮ್ಮ ಪೂರ್ತಿ ಭಾರ ಹಾಕಿ. ನಾನು 72 ಕಿಲೋ, ಜೋತು ಬಿದ್ದೆ. ಹಿಡಿ ಬಗ್ಗಿತು, ಆದರೆ ತನ್ನ ಜಾಗಕ್ಕೆ ಹೋಗಲಿಲ್ಲ. ನನಗೆ ಬೇಕಾಗಿದ್ದದ್ದು ಅದೇ. ಬಗ್ಗಿದ ಹಿಡಿ ಎಲ್ಲರಿಗೂ ಕಾಣುತ್ತದೆ, ಒಳಗೆ ಬಗ್ಗಿದ ಸರಳು ಯಾರಿಗೂ ಕಾಣುವುದಿಲ್ಲ.

ಆಮೇಲೆ ಚೌಕಟ್ಟನ್ನು ಹೊರಮೈ ಕೆಳಗೆ ಮಾಡಿ ಅಡ್ಡ ಮಲಗಿಸಿ, ನಾಲ್ಕು ಕಲ್ಲಿನ ಮೇಲೆ ಇಟ್ಟು ಬಾಗಿಲಿನ ಮೇಲೆ 11 ಚೀಲ ಸಿಮೆಂಟ್ ಹರಡಿದೆವು. ಒಂದೊಂದೇ ಚೀಲ, ಪ್ರತಿ ಸಲ ಹಿಡಿ ತಿರುಗುತ್ತದೆಯೋ ಎಂದು ನೋಡಿ. ಪ್ಲೈವುಡ್ಡು ಬಳುಕಿತು. ನಾಲಿಗೆಗಳು ಗೂಡಿನಲ್ಲೇ ಇದ್ದವು. ಚೀಲದ ಅಡಿಗೆ ಯಾರೂ ಕೈ ಹಾಕಬಾರದು, ಕಾಲು ಚಾಚಬಾರದು.

ಕೊನೆಯ ಪರೀಕ್ಷೆ ಅಮ್ಮನದ್ದು. 78 ವರ್ಷ, ಹೆಲಿಕಾಪ್ಟರ್ ಹತ್ತಿದವರಲ್ಲ. ಏನೂ ಹೇಳಿಕೊಡಬಾರದು ಎಂದು ಮೊದಲೇ ಮಾತಾಗಿತ್ತು. ಹುಡುಗಿ ಅಜ್ಜಿಗೆ ಕಾಣದ ಹಾಗೆ ಕೆಳಗೆ ಬೈರಾಸಿನ ತುದಿ ಸಿಕ್ಕಿಸಿದಳು. ಅಮ್ಮ ಬಾಗಿಲು ಎಳೆದರು, ಹಿಡಿ ತಿರುಗಿಸಿದರು. ಅರ್ಧಕ್ಕೆ ನಿಂತಿತು. ಇನ್ನೊಮ್ಮೆ ನೋಡಿದರು. ಜೋರು ಮಾಡಲಿಲ್ಲ. ಬಗ್ಗಿ ಕೆಳಗೆ ನೋಡಿ, "ಇದು ಮುಚ್ಚಿಲ್ಲ ಮಗಳೇ, ಬಟ್ಟೆ ಸಿಕ್ಕಿದೆ" ಎಂದು ಬೈರಾಸು ಎಳೆದು ತೆಗೆದರು. ಆಮೇಲೆ ಹಿಡಿ ಟಪ್ ಎಂದು ಕೂತಿತು, ಕಿಂಡಿಯಲ್ಲಿ ಹಳದಿ ತುಂಬಿತು.

ಹುಡುಗಿ ನನ್ನನ್ನು ನೋಡಿದಳು. ನನಗೆ ಮಾತು ಬರಲಿಲ್ಲ.

ಮಾದರಿಗೆ ಒಂದು ದಿನಚರಿ ಬರೆದು ಅಂಟಿಸಿದ್ದೇವೆ. ದಿನಾ ಬೆಳಗ್ಗೆ, ಬಾಗಿಲು ತೆರೆದಿರುವಾಗಲೇ ಹಿಡಿ ತಿರುಗಿಸಲು ನೋಡುವುದು. ತಿರುಗಬಾರದು. ತಿರುಗಿದರೆ ಕಾವಲು ಕಡ್ಡಿಯ ಸ್ಪ್ರಿಂಗ್ ಹೋಗಿದೆ, ಆ ದಿನ ಹಾರಾಟ ಇಲ್ಲ. ಕಡ್ಡಿಯ ದೋಷ ಬೇರೆ ಯಾವ ಸಮಯದಲ್ಲೂ ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ಇದನ್ನು ಬಿಡುವಂತಿಲ್ಲ.

ಒಂದು ಕೆಲಸ ಬಾಕಿ ಇದೆ. ಕೆಳಗಿನ ಸರಳಿನ ತೂತಿಗೆ ತಳ ಇಟ್ಟಿದ್ದೆವು. ಮೂರು ವಾರದಲ್ಲಿ ಅದರಲ್ಲಿ ಅಂಗಳದ ಮಣ್ಣು, ಅಡಿಕೆ ಸಿಪ್ಪೆಯ ನಾರು ತುಂಬಿ ಸರಳು 4 ಮಿ.ಮೀ. ಮೊದಲೇ ನಿಲ್ಲತೊಡಗಿತು. ಹಿಡಿ ಪಾಪ ನಿಜವನ್ನೇ ಹೇಳಿತು, ಕೂರಲು ಒಪ್ಪಲಿಲ್ಲ. ಬರುವ ಭಾನುವಾರ ಅವಳು ಬಂದ ಮೇಲೆ ಆ ತಳವನ್ನು ಆಚೆ ಕಡೆಗೆ ಪೂರ್ತಿ ಕೊರೆಯುತ್ತೇವೆ, ಮಣ್ಣು ನೀರು ಎಲ್ಲ ಕೆಳಗೆ ಬೀಳಲಿ.